ದಾಟದೆ ಉಳಿದಷ್ಟು ಬೆಟ್ಟ

ಆ ದಿನ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಕೆಟಲ್ ಆಗಲೇ ಒಮ್ಮೆ ಕುದಿದು ಆರಿತ್ತು. ಅತ್ತೆ ನನಗಿಂತ ಮೊದಲು ಎದ್ದಿದ್ದರು. ಅಡುಗೆಮನೆಯ ಹಿಂಬಾಗಿಲಿನ ಗಾಜಿನ ಹತ್ತಿರ ಕುರ್ಚಿ ಎಳೆದುಕೊಂಡು, ಮೊಣಕಾಲುಗಳ ಮೇಲೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದರು. ಸ್ವೆಟರಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದರು. ನಾನು ಎಂದಿನಂತೆ ಮುಂಬಾಗಿಲು ತೆರೆದು ಹಾಲಿನ ಬಾಟಲಿಗಳನ್ನು ಒಳಗೆ ತಂದೆ. ಆಗಿನ್ನೂ ಲಂಡನ್ನಿನ ಅಂಚಿನ ಸಟನ್ನಿನಲ್ಲಿ ನಮ್ಮ ಬೀದಿಗೆ ಹಾಲಿನ ಬಂಡಿ ಬರುತ್ತಿತ್ತು. ಬೆಳಗಿನ ಜಾವ ಬಾಟಲಿಗಳ ಕಿಣಿಕಿಣಿ ಕೇಳಿದರೆ ಇನ್ನೊಂದು ಮಗ್ಗುಲು ಮಲಗಬಹುದು ಎಂದು ಅರ್ಥ. ಬಾಟಲಿಗಳ ಬೆಳ್ಳಿ ಮುಚ್ಚಳದ ಕುಳಿಯಲ್ಲಿ ಆ ದಿನ ನೀರು ನಿಂತಿತ್ತು.

"ಬಂತು," ಎಂದರು ಅತ್ತೆ, ತಿರುಗದೆ.

"ಎಂತದು ಮಾಂಯ್?"

"ಮಳೆ. ಇದು ಬೇಗ ನಿಲ್ಲುವಂಥದ್ದಲ್ಲ. ನೀನು ಇವತ್ತು ಹೋಗು ಬಾಯೇ."

ಅತ್ತೆಯನ್ನು ನಾವು ಮಾಂಯ್ ಎಂದು ಕರೆಯುವವರು; ಅವರು ಸೊಸೆಯನ್ನು ಪ್ರೀತಿಯಿಂದ ಬಾಯೇ ಎನ್ನುವವರು. ನಮ್ಮ ಮನೆಮಾತು ಕೊಂಕಣಿ. ಬರೆಯಲು ಕೂತರೆ ಮಾತ್ರ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಕನ್ನಡವೇ ನನ್ನ ಕೈಗೆ ಬರುತ್ತದೆ. ಹಾಗಾಗಿ ಅತ್ತೆಯ ಮಾತನ್ನೂ ನಮ್ಮ ಕರಾವಳಿಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರಿದ್ದರೆ "ನಾನು ಹಾಗೆ ಮಾತಾಡುದಿಲ್ಲ" ಎನ್ನುತ್ತಿದ್ದರು.

ಮಗಳಿಗೆ ಎರಡು ಜಡೆ ಹಾಕಿ, ಡಬ್ಬಿಗೆ ಸ್ಯಾಂಡ್‌ವಿಚ್ ತುಂಬಿ, ಬೂಟಿನ ಲೇಸು ಬಿಗಿದು ಕಟ್ಟಿದೆ. ಆಸ್ಪತ್ರೆಯ ಲ್ಯಾಬಿಗೆ ಹೊರಟಿದ್ದ ಗಂಡ ಕೊಡೆ ಹುಡುಕುತ್ತಾ, "ಮಳೆ ಬಂತು ಅಂತ ಹಬ್ಬ ಮಾಡುವ ಮನೆ ಇಡೀ ಇಂಗ್ಲೆಂಡಿನಲ್ಲಿ ಇದೊಂದೇ ಇರ್ಬೇಕು," ಎಂದರು. ಮಗಳು ನನ್ನ ಬೆಟ್ಟದ ಬೂಟುಗಳು ಬಾಗಿಲ ಬಳಿ ನಿಂತಿದ್ದನ್ನು ನೋಡಿ, "ಮಮ್, ಯು ಆರ್ ನಾಟ್ ಸೀರಿಯಸ್!" ಎಂದು ಕಣ್ಣರಳಿಸಿದಳು.

"ನಿನ್ನ ಮಮ್ಮಿ ಸೀರಿಯಸ್ಸೇ," ಎಂದರು ಅತ್ತೆ. ಮೊಮ್ಮಗಳ ಇಂಗ್ಲಿಷು ಅವರಿಗೆ ಬೇಕಾದಾಗ ಅರ್ಥವಾಗುತ್ತಿತ್ತು.

ಈ ಮಳೆಗಾಗಿ ನಾವು ಯಾಕೆ ಕಾದಿದ್ದೆವು ಎಂದು ಹೇಳಬೇಕಾದರೆ ಈ ಮಗಳು ಹುಟ್ಟಿದ ವರ್ಷಕ್ಕೇ ಹೋಗಬೇಕು. ತೊಂಬತ್ತರ ದಶಕದ ನಡುವಿನ ಚಳಿಗಾಲ ಅದು. ನನ್ನ ಬಾಣಂತನಕ್ಕೆಂದು ಅತ್ತೆ ತೆಂಗಿನೆಣ್ಣೆ, ಬಾಣಂತಿ ಮದ್ದಿನ ಪುಡಿ, ಹಳೆಯ ಮೆತ್ತಗಿನ ಹತ್ತಿ ಸೀರೆಗಳ ಗಂಟು ಕಟ್ಟಿಕೊಂಡು ಊರಿನಿಂದ ಬಂದಿಳಿದರು. ಅಷ್ಟರಲ್ಲಿ ಮಗು ಎರಡು ತಿಂಗಳು ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿತ್ತು. ಎಣ್ಣೆ ಹಚ್ಚಲು ಬಂದವರಿಗೆ ಮಗುವನ್ನು ಮುಟ್ಟಲೂ ಬಿಡಲಿಲ್ಲ. ಅವರು ಕಾರಿಡಾರಿನ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತರು.

ಆ ಕಾರಿಡಾರನ್ನು ಒರೆಸಲು ಬರುತ್ತಿದ್ದವಳು ಸ್ಪೇನಿನ ಹೆಂಗಸು. ಅವಳ ಇಂಗ್ಲಿಷು ಅಷ್ಟಕ್ಕಷ್ಟೇ, ಅತ್ತೆಯದು ಅದೂ ಇಲ್ಲ. ಆದರೆ ನಮ್ಮ ಕೊಂಕಣಿಯಲ್ಲಿ ಪೋರ್ಚುಗೀಸರು ಬಿಟ್ಟುಹೋದ ಶಬ್ದಗಳಿವೆಯಲ್ಲ, ಸಂತರಿಗೆ ಸಾಂತ್, ಚರ್ಚಿಗೆ ಇಗರ್ಜ್, ಶಿಲುಬೆಗೆ ಖುರಿಸ್, ಅವುಗಳಲ್ಲೇ ಇಬ್ಬರ ಸಂಸಾರ ಸಾಗಿತು. ಮಂಜು ಹಿಡಿದ ಕಿಟಕಿಯ ಮೇಲೆ ಅವಳು ಬೆರಳಿನಿಂದ ಒಂದು ಬೆಟ್ಟ ಬರೆದಳಂತೆ. ಬೆಟ್ಟದಾಚೆ ಒಬ್ಬ ಸಂತರು; ಅವರ ಕಡೆಗೆ ನಡೆದುಕೊಂಡು ಹೋಗುವ ಜನ. ಅವಳು ಬಕೆಟು ಎತ್ತಿಕೊಂಡು ಹೋಗುವ ಮೊದಲೇ ಅತ್ತೆ ಹರಕೆ ಹೇಳಿಯಾಗಿತ್ತು: ಮಗು ಉಸಿರಾಡಿಕೊಂಡು ಮನೆಗೆ ಬಂದರೆ ಆ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ದಾಟುತ್ತೇನೆ, ನನ್ನಿಂದಾಗದಿದ್ದರೆ ಮನೆಯವರು ಯಾರಾದರೂ ದಾಟುತ್ತಾರೆ.

"ನಮ್ಮೂರ ಸಂತರಿಗೆ ಹೇಳಿಕೊಳ್ಳಬಹುದಿತ್ತಲ್ಲ ಮಾಂಯ್?" ಎಂದು ನಾನು ಕೇಳಿದ್ದೆ.

"ಅವರಿಗೆ ಊರಿನ ಕೆಲಸವೇ ಸಾಕಷ್ಟುಂಟು. ಲಂಡನ್ನಿಗೆ ಬರ್ಲಿಕ್ಕೆ ಅವರಿಗೂ ವೀಸಾ ಬೇಕೋ ಏನೋ. ಹತ್ತಿರದವರಿಗೆ ಹೇಳಿದ್ರೆ ಬೇಗ ಬರ್ತಾರೆ."

ಮಗು ಉಸಿರಾಡಿತು. ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಕೊಂಡೇ ಮನೆಗೆ ತಂದೆವು. ಬೆಟ್ಟವೆಂದರೆ ನಮ್ಮೂರ ಇಗರ್ಜಿಯ ಗುಡ್ಡದಷ್ಟು ಎಂದು ಅತ್ತೆ ತಿಳಿದಿದ್ದರು. ಅದು ಫ್ರಾನ್ಸಿಗೂ ಸ್ಪೇನಿಗೂ ನಡುವೆ ಗೋಡೆ ಎದ್ದಂತೆ ನಿಂತಿರುವ ಪಿರನೀಸ್ ಪರ್ವತ ಎಂದು ಮಗ ಅಟ್ಲಾಸು ತೆರೆದು ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ಆಯ್ತಲ್ಲ, ಸಿಕ್ಕಿದ ಮಗುವೂ ಸಣ್ಣದೇನಲ್ಲ," ಎಂದಷ್ಟೇ ಹೇಳಿದರು.

ಅವರು ಊರಿಗೆ ಹಿಂದಿರುಗಿದರು, ಕೆಲವು ವರ್ಷಗಳ ಮೇಲೆ ಮಾವ ತೀರಿಕೊಂಡರು, ಅತ್ತೆ ನಮ್ಮಲ್ಲಿಗೇ ಬಂದು ನೆಲೆಸಿದರು. ಆ ಹೊತ್ತಿಗೆ ಅವರ ಮೊಣಕಾಲುಗಳು ಮೆಟ್ಟಿಲನ್ನೂ ಹಿಂದುಮುಂದಾಗಿ ಇಳಿಯುವ ಸ್ಥಿತಿಗೆ ಬಂದಿದ್ದವು; ಹೊರಗೆ ಕಾಲಿಟ್ಟರೆ ವಾಕರ್ ಬೇಕಿತ್ತು. ಒಂದು ಭಾನುವಾರ ಪೂಜೆಯ ನಂತರ ಸಭಾಂಗಣದಲ್ಲಿ ಚಹಾ ಕುಡಿಯುತ್ತಿದ್ದಾಗ, ಈಸ್ಟರ್ ಆದ ಮೇಲೆ ನಮ್ಮ ಇಗರ್ಜಿಯಿಂದ ಒಂದು ತಂಡ ಆ ಬೆಟ್ಟದ ದಾರಿಯಲ್ಲಿ ನಡೆಯಲಿದೆ ಎಂದು ಯಾರೋ ಹೇಳಿದರು. ಅತ್ತೆಯ ಮೊಣಕೈ ನನ್ನ ಪಕ್ಕೆಗೆ ತಾಗಿತು. ಅಷ್ಟೇ ಆಮಂತ್ರಣ. ಕಾನ್ವೆಂಟಿನ ಆಟದ ಮೈದಾನದಲ್ಲಿ ಕೂಡ ಓಡದೆ ಗೋಡೆಯ ನೆರಳಿನಲ್ಲಿ ನಿಲ್ಲುತ್ತಿದ್ದವಳು ನಾನು. ಆದರೆ ಮಗಳು ಅಲ್ಲೇ ಬಿಸ್ಕತ್ತಿನ ತಟ್ಟೆಯ ಸುತ್ತ ಗಿರಕಿ ಹೊಡೆಯುತ್ತಿದ್ದಳು. ತಂಡಕ್ಕೆ ನನ್ನ ಹೆಸರು ಕೊಟ್ಟೆ.

ಬೆಟ್ಟದ ಈಚೆಯ ಫ್ರೆಂಚ್ ಊರಿನಿಂದ ನಾವು ಹೊರಟ ಮುಂಜಾವ ಆಕಾಶ ತೊಳೆಯದ ಪಾತ್ರೆಯ ಬಣ್ಣದಲ್ಲಿತ್ತು. ಮನೆಗಳ ಕಿಟಕಿಗಳಿಗೆ ಕೆಂಪು ಕದಗಳು, ಅವುಗಳ ಹಿಂದೆ ಇನ್ನೂ ನಿದ್ದೆ. ದಾರಿ ಮೊದಲ ಹೆಜ್ಜೆಯಿಂದಲೇ ಏರು. ಮೊದಲು ಹನಿ, ಆಮೇಲೆ ಮಳೆ, ಅದರ ಮೇಲೆ ಗಾಳಿ. ನಮ್ಮೂರ ಆಷಾಢದ, ಆಟಿ ತಿಂಗಳ ಮಳೆಯನ್ನು ಕಂಡವಳು ನಾನು; ಅದು ಧೋ ಎಂದು ಸುರಿದು ತನ್ನ ಪಾಡಿಗೆ ಹೋಗುತ್ತದೆ. ಈ ಮಳೆ ಅಡ್ಡಡ್ಡಲಾಗಿ ಬಂದು ಕಿವಿಯೊಳಗೆ ಕೈ ಹಾಕುತ್ತಿತ್ತು. ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಪಟಪಟ ಹೊಡೆದುಕೊಳ್ಳುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಸಾಮಾನ್ಯವಾಗಿ ನನಗೆ ಸಣ್ಣಪುಟ್ಟದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಆ ದಿನ ಕಂಡದ್ದು ಇಷ್ಟೇ: ಮುಂದಿನವರ ಹಿಮ್ಮಡಿ, ಬೇಲಿಯ ತಂತಿಗೆ ಸಿಕ್ಕಿ ಒದ್ದೆಯಾದ ಕುರಿಯ ಉಣ್ಣೆ, ಹುಲ್ಲಿನ ನಡುವೆ ಮಳೆಗೆ ಹೆದರದ ಪುಟ್ಟ ಹಳದಿ ಹೂಗಳು. ಮಂಜಿನೊಳಗೆ ಎಲ್ಲೋ ಗಂಟೆಗಳ ಸದ್ದು. ಇಗರ್ಜಿ ಹತ್ತಿರವಾಯಿತೆಂದು ನಾನು ಹಿಗ್ಗಿದೆ. ಹತ್ತಿರ ಹೋದರೆ ಕುತ್ತಿಗೆಗೆ ಗಂಟೆ ಕಟ್ಟಿದ ಕುದುರೆಗಳು, ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು.

ನನ್ನ ಜೊತೆಗೆ ನಡೆಯುತ್ತಿದ್ದವರು ತಂಡದಲ್ಲೇ ಹಿರಿಯರಾದ ಐರಿಷ್ ಅಜ್ಜಿ, ಇಗರ್ಜಿಯ ಹೂದಾನಿಗಳನ್ನು ನೋಡಿಕೊಳ್ಳುವವರು. ಮೆದು ಮಾತಿನವರಲ್ಲ. ಏರು ಕಡಿದಾದಾಗಲೆಲ್ಲ, "ನಿನ್ನ ಅತ್ತೆ ಅಡುಗೆಮನೆಯಲ್ಲಿ ಬೆಚ್ಚಗೆ ಚಹಾ ಕುಡೀತಾ ಇರ್ತಾಳೆ, ಜಾಣೆ," ಎಂದು ನನ್ನನ್ನು ರೇಗಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮಳೆಯೊಳಗೆ ಹಿಮದ ಚೂರುಗಳು ಸೇರಿಕೊಂಡವು. ಟಾರು ಮುಗಿದು ಹುಲ್ಲಿನ ಹಾದಿ ಶುರುವಾಗುವಲ್ಲಿ ಒಂದು ಕಲ್ಲಿನ ಶಿಲುಬೆ ಇತ್ತು. ಅಲ್ಲಿ ನಿಂತಾಗ ಅಜ್ಜಿಯ ರೇಗಿಸುವಿಕೆ ನಿಂತಿತ್ತು. ಅವರು ಕೈಗವಸು ಕಳಚಿ ಹುಲ್ಲಿನ ಮೇಲೆ ಹಾಕಿ, "ಸೆಖೆ ಆಗ್ತಿದೆ," ಎಂದು ನಕ್ಕರು. ಚಳಿ ಮಿತಿಮೀರಿದರೆ ಮೈಗೆ ಹಾಗನ್ನಿಸುತ್ತದಂತೆ. ಮಾತು ನಾಲಿಗೆಗೆ ಅಂಟುತ್ತಿತ್ತು. ತುಟಿ ನೇರಳೆ ಹಣ್ಣು ತಿಂದ ಮಕ್ಕಳ ತುಟಿಯ ಹಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ಒಂದು ಹಳೆಯ ಜೀಪು ಬಂತು. ಕುರಿಗಳನ್ನು ನೋಡಲು ಬಂದ ಅಲ್ಲಿಯವನು. ನಮ್ಮ ತಂಡದ ಮುಂದಾಳು, ನಿವೃತ್ತ ಮೇಷ್ಟರು, ಅವನೊಡನೆ ತಿಳಿದಷ್ಟು ಫ್ರೆಂಚಿನಲ್ಲಿ ಮಾತಾಡಿ ನಮ್ಮ ಕಡೆ ತಿರುಗಿದರು. ಮೇಲೆ ಹಿಮ ಬೀಳುತ್ತಿದೆ. ಗಟ್ಟಿ ಇರುವವರು ಈಗಲೇ ಬೇಗ ದಾಟಿದರೆ ಆದೀತು. ಅಜ್ಜಿಯನ್ನು ಮಾತ್ರ ಅವನು ಕೆಳಗಿಳಿಸಿ, ಕಣಿವೆಯ ರಸ್ತೆಯಲ್ಲಿ ಸುತ್ತಿ, ಬೆಟ್ಟದಾಚೆ ನಾವು ಆ ರಾತ್ರಿ ತಂಗಬೇಕಿದ್ದ ಮಠಕ್ಕೆ ತಲುಪಿಸುತ್ತಾನೆ.

"ಇವರ ಜೊತೆ ಒಬ್ಬರು ಹೋಗಬೇಕು," ಎಂದರು ಮೇಷ್ಟರು.

ಯಾರೂ ನನ್ನ ಹೆಸರು ಹೇಳಲಿಲ್ಲ. ಅಜ್ಜಿಯ ಬರಿಗೈ ನನ್ನ ಕೈಯೊಳಗಿತ್ತು; ಬಿಡಿಸಿಕೊಳ್ಳಲು ನೋಡಿದರೆ ಅದು ಇನ್ನಷ್ಟು ಬಿಗಿಯಾಯಿತು. ನಾನು ಜೀಪು ಹತ್ತಿದೆ.

ಒಳಗೆ ಒದ್ದೆ ನಾಯಿಯ ವಾಸನೆ, ಹೀಟರಿನ ಗುಂಯ್ ಸದ್ದು. ಅಜ್ಜಿಯ ಕೈಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ತಿಕ್ಕುತ್ತಾ ಕೂತೆ. ಬೆಳಗಿನಿಂದ ಏದುಸಿರು ಬಿಟ್ಟು ಏರಿದ ದಾರಿ ಗಾಜಿನಾಚೆ ಸರಸರ ಹಿಂದಕ್ಕೆ ಇಳಿದುಹೋಯಿತು. ಅಜ್ಜಿ ಬದುಕಿಕೊಳ್ಳಬೇಕು ಎಂಬುದು ಬಿಟ್ಟು ಬೇರೆ ಯೋಚನೆ ಇರಬಾರದಿತ್ತು. ಆದರೂ ಬೆಟ್ಟದ ತಲೆ ಕಾಣುತ್ತದೆಯೇ ಎಂದು ನಾನು ಮತ್ತೆ ಮತ್ತೆ ಗಾಜು ಒರೆಸಿದೆ. ಮಂಜು ಮಾತ್ರ.

ಮಠದಲ್ಲಿ ಬಿಸಿ ಸಾರು ಕೊಟ್ಟರು. ದಪ್ಪ ಕಂಬಳಿಯೊಳಗಿನಿಂದ ಅಜ್ಜಿ, "ಉಪ್ಪು ಸಾಲದು," ಎಂದಾಗ ನನಗೆ ಅಳು ಬಂತು. ಕತ್ತಲಾಗುವ ಮೊದಲು ಉಳಿದವರು ಬಂದರು, ಮೊಣಕಾಲ ತನಕ ಕೆಸರು, ಹುಬ್ಬಿನ ಮೇಲೆ ಹಿಮ, ಮುಖದಲ್ಲಿ ಬೆಟ್ಟ ದಾಟಿದವರ ಬೆಳಕು. ಮರುದಿನ ಆ ಹಾದಿಯನ್ನು ಮುಚ್ಚಿದರು. ಮುಂದಿನ ದಿನಗಳಲ್ಲಿ ನಾವು ಕಾಡು, ಹಳ್ಳಿ, ಹೊಳೆಯ ಸೇತುವೆ ಎಂದೆಲ್ಲ ಮಳೆಯಲ್ಲೇ ನಡೆದೆವು. ನಡೆಯುತ್ತಾ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಬೆಟ್ಟ ಮೋಡದೊಳಗೇ ಇತ್ತು.

ಮನೆಗೆ ಬಂದಾಗ ಅತ್ತೆ ಮೊದಲು ನೋಡಿದ್ದು ನನ್ನ ಪಾದಗಳನ್ನು. ಗುಳ್ಳೆ ಒಡೆದಲ್ಲಿ ತೆಂಗಿನೆಣ್ಣೆ ಹಚ್ಚಲು ಕೂತರು. ಅವರು ಹಚ್ಚುತ್ತಿದ್ದಂತೆ ನಾನು ಜೀಪಿನ ವಿಷಯ ಹೇಳಿದೆ.

"ಒಳ್ಳೆದು ಮಾಡಿದಿ. ಆ ಮುದುಕಿಯನ್ನು ಬಿಟ್ಟು ಹೋಗಿದ್ರೆ ನಾನೇ ನಿನ್ನನ್ನು ಮನೆಯೊಳಗೆ ಸೇರಿಸ್ತಿರಲಿಲ್ಲ." ಇನ್ನೊಂದು ಪಾದ ಎತ್ತಿ ಮಡಿಲಿಗೆ ಹಾಕಿಕೊಂಡರು. "ಆದ್ರೆ ಬೆಟ್ಟ ಉಳಿಯಿತಲ್ಲ."

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಬೇಸಿಗೆಯಲ್ಲಿ ಅತ್ತೆಯ ಮೊಣಕಾಲಿನ ಆಪರೇಶನ್ನಿಗೆ ಆಸ್ಪತ್ರೆಯಿಂದ ಕರೆ ಬಂತು. ನಮ್ಮ ಜಿಪಿ ಡಾಕ್ಟರು ಹೇಳಿ, ನಂಬರು ಹಚ್ಚಿ, ಎಷ್ಟೋ ಕಾಲದಿಂದ ಕಾದಿದ್ದ ಕರೆ. ಅತ್ತೆ ಬರುವುದಿಲ್ಲ ಎಂದುಬಿಟ್ಟರು.

"ಹೇಳಿದ ಮಾತು ಅರ್ಧ ಬಾಕಿ ಇಟ್ಕೊಂಡು ನಾನು ಕತ್ತಿಯ ಅಡಿಯಲ್ಲಿ ಮಲಗುದಿಲ್ಲ. ಮದ್ದು ಕೊಟ್ಟು ಮಲಗಿಸಿದ ಮೇಲೆ ಏಳದೇ ಹೋದ್ರೆ? ಮೇಲೆ ಹೋಗಿ ಎಂತ ಹೇಳುದು?"

"ಅಮ್ಮಾ, ಮೊಣಕಾಲಿನ ಆಪರೇಶನ್ನಿಗೆ ಯಾರೂ ಸಾಯುದಿಲ್ಲ," ಎಂದರು ನನ್ನ ಗಂಡ.

"ನಿನ್ನ ಲ್ಯಾಬಿನಲ್ಲಿ ರಕ್ತ ಮಾತ್ರ ನೋಡುದಲ್ವಾ? ನೀನು ಸುಮ್ಮನಿರು."

ಪಾದ್ರಿಗಳು ಮನೆಗೇ ಬಂದು, ಮನಸ್ಸಿದ್ದೂ ಆಗದೆ ಹೋದ ಹರಕೆಯಿಂದ ಬಿಡುಗಡೆ ಕೊಡಬಹುದು ಎಂದು ವಿವರಿಸಿದರು. ನಾನು ಪಕ್ಕದಲ್ಲಿ ಕೂತು ಮಾತುಮಾತಿಗೂ ಅನುವಾದ ಮಾಡಿದೆ. ಅತ್ತೆ ತಲೆಯಾಡಿಸಿ, ಅವರಿಗೆ ಎರಡನೇ ಸಲ ಚಹಾ ಹಾಕಿಸಿ, ಗೇಟಿನ ತನಕ ನನ್ನನ್ನು ಕಳಿಸಿದರು. ಆಮೇಲೆ ಹೇಳಿದರು: "ಫಾದರ್ ಒಳ್ಳೆಯವರೇ. ಆದ್ರೆ ಮಗು ಉಸಿರು ಎಳೀಲಿಕ್ಕೆ ಒದ್ದಾಡುವಾಗ ಫಾದರ್ ಆ ಬೆಂಚಿನಲ್ಲಿ ಇರಲಿಲ್ಲ."

ಪಕ್ಕದ ಮನೆಯವರು ಮೈಸೂರಿನ ಡಾಕ್ಟರರ ಹೆಂಡತಿ. ದಿನಕ್ಕೊಮ್ಮೆಯಾದರೂ ಬಂದು ಅತ್ತೆಯ ಹತ್ತಿರ ಹರಟೆ ಹೊಡೆಯದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರೂ ಪ್ರಯತ್ನಿಸಿದರು.

"ಅಮ್ಮಾ, ಇದಕ್ಕೆಲ್ಲಾ ನಮ್ಮಲ್ಲಿ ತಪ್ಪುಕಾಣಿಕೆ ಅಂತ ಇದೆ. ಒಂದು ಅರಿಶಿನದ ಬಟ್ಟೇಲಿ ಒಂದು ರೂಪಾಯಿ ಕಟ್ಟಿ ದೇವರ ಮುಂದಿಟ್ಟು, ತಪ್ಪಾಯ್ತಪ್ಪಾ ಅಂದ್ರೆ ಮುಗೀತು. ತಿಮ್ಮಪ್ಪ ಆದ್ರೆ ಬಡ್ಡಿ ಕೇಳ್ತಾನೆ, ಆದ್ರೂ ಕಾಯ್ತಾನೆ."

"ನಿಮ್ಮ ದೇವರು ಪಾಪ ಒಳ್ಳೆಯವರಮ್ಮ," ಎಂದರು ಅತ್ತೆ. "ಇವರು ಪರವೂರಿನ ಸಂತರು. ನಮ್ಮ ಪರಿಚಯವೂ ಇಲ್ಲ. ಗುರುತಿಲ್ಲದೆ ಕೊಟ್ಟವರಿಗೆ ಮಾತು ತಪ್ಪಬಾರದು."

ಉಪಾಯವನ್ನು ಕೊನೆಗೆ ಕಂಡುಹಿಡಿದವರೂ ಅತ್ತೆಯೇ. ನಮ್ಮ ಮಹಡಿಯ ಕೋಣೆಯ ಕಿಟಕಿಯಿಂದ ದೂರದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಗುಡ್ಡದ ಮೇಲಿನ ಟಿವಿ ಗೋಪುರ ಕಾಣುತ್ತಿತ್ತು. ಅಲ್ಲಿ ಏರು ಉಂಟಾ, ಹತ್ತಿರ ಇಗರ್ಜಿ ಉಂಟಾ, ನಡೆದರೆ ನಾನು ಜೀಪಿನಲ್ಲಿ ಹೋದಷ್ಟಾದರೂ ಆಗುತ್ತದಾ ಎಂದು ಮಗನನ್ನು ಕೇಳಿದರು. ಗಂಡ ರಸ್ತೆ ನಕ್ಷೆಯ ಪುಸ್ತಕದ ಮೇಲೆ ನೂಲು ಇಟ್ಟು ಅಳೆದು, ನಡೆಯದೆ ಬಿಟ್ಟದ್ದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ ಎಂದರು.

"ಹೆಚ್ಚೇ ಇರಲಿ. ಮೀನಿನವಳು ಕೊನೆಗೆ ಒಂದು ಬಂಗುಡೆ ಮೇಲೆ ಹಾಕುದಿಲ್ವಾ, ಹಾಗೆ. ಕಡಿಮೆ ಬೀಳಬಾರದು." ನನ್ನ ಕಡೆ ತಿರುಗಿ, "ಬಸ್ಸು, ರೈಲು ಏನೂ ಇಲ್ಲ. ಬರುವಾಗ ಬೇಕಾದ್ರೆ ಬಸ್ಸಲ್ಲೇ ಬಾ, ಹೋಗುದು ಮಾತ್ರ ಲೆಕ್ಕ," ಎಂದರು. ಮತ್ತೆ ಸೇರಿಸಿದರು: "ಮಳೆಯಲ್ಲಿ ಬಿಟ್ಟದ್ದು, ಮಳೆಯಲ್ಲೇ ಆಗ್ಬೇಕು."

ಆ ಬೇಸಿಗೆ ಲಂಡನ್ನಿಗೆ ಮಳೆಯೇ ಬರಲಿಲ್ಲ. ಜನರೆಲ್ಲ ಪಾರ್ಕುಗಳಲ್ಲಿ ಅಂಗಾತ ಮಲಗಿ ಸೂರ್ಯನನ್ನು ಹೊಗಳುತ್ತಿದ್ದರು. ಹುಲ್ಲು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಅತ್ತೆ ಟಿವಿಯ ಹವಾಮಾನದ ಪುಟ ತೆರೆಸಿ, ಮೊಮ್ಮಗಳಿಂದ ಓದಿಸಿ, "ನಾಳೆಯೂ ಸನ್ನಿಯಾ? ಕರ್ಮ!" ಎಂದು ರಿಮೋಟನ್ನು ಮಗುಚಿ ಇಡುತ್ತಿದ್ದರು. ಆಸ್ಪತ್ರೆಯವರು ಒಮ್ಮೆ ದಿನ ಮುಂದೂಡಿಕೊಟ್ಟಿದ್ದರು. ಇನ್ನೊಮ್ಮೆ ಇಲ್ಲ ಎಂದರೆ ಪಟ್ಟಿಯಿಂದಲೇ ತೆಗೆಯುತ್ತೇವೆ ಎಂದಿದ್ದರು. ಆ ಮುಂದೂಡಿದ ದಿನ ಹತ್ತಿರ ಬರುತ್ತಿತ್ತು. ಅತ್ತೆ ಎದ್ದೇಳುವಾಗ ಮೇಜಿನ ಅಂಚು ಹಿಡಿದು ಉಸಿರು ಕಟ್ಟುವುದನ್ನು ನಾನು ಪಾತ್ರೆ ತೊಳೆಯುತ್ತಾ ಬೆನ್ನಿನಿಂದಲೇ ಕೇಳುತ್ತಿದ್ದೆ. ಶಾಲೆಗಳು ಮತ್ತೆ ಶುರುವಾದವು. ಆಗ ಬಂದದ್ದು ಈ ಬೆಳಗಿನ ಮಳೆ.

ಮಗಳನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಅಲ್ಲಿಂದಲೇ ನಡೆಯತೊಡಗಿದೆ. ಕಾರ್ಶಲ್ಟನ್ನಿನ ಕೊಳದಲ್ಲಿ ಬಾತುಗಳು ರೆಕ್ಕೆಯೊಳಗೆ ತಲೆ ಹುದುಗಿಸಿದ್ದವು. ವಾಲಿಂಗ್ಟನ್ನಿನ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ ಹೆಂಗಸೊಬ್ಬಳು ಸರಿದು ನನಗೂ ಜಾಗ ಮಾಡಿಕೊಟ್ಟಳು. ನಾನು ತಲೆಯಲ್ಲಾಡಿಸಿ ಮುಂದೆ ಹೋದಾಗ ಅವಳಿಗೆ ಬೇಸರವಾಯಿತೋ ಏನೋ. ಕ್ರಾಯ್ಡನ್ನಿನ ಹತ್ತಿರ ಹೊಸ ಟ್ರಾಮು ನೀರು ಚಿಮ್ಮಿಸಿಕೊಂಡು ಹಾದುಹೋಯಿತು, ಒಳಗೆ ಹಳದಿ ದೀಪದಲ್ಲಿ ಜನರು ಪೇಪರು ಓದುತ್ತಿದ್ದರು. ಬೆಟ್ಟದಲ್ಲಿ ಮನಸ್ಸಿಲ್ಲದಿದ್ದರೂ ಜೀಪು ಹತ್ತಿದ್ದೆ. ಇಲ್ಲಿ ಬಸ್ಸುಗಳು ಒಂದರ ಹಿಂದೆ ಒಂದು ಬಂದು ಬಾಗಿಲು ತೆರೆದು ಬಾ ಎನ್ನುತ್ತಿದ್ದವು.

ಹೇಳಲು ನಾಚಿಕೆಯಾಗುತ್ತದೆ, ಅರ್ಧ ದಾರಿಯ ತನಕ ನನಗೆ ನಗು ಬರುತ್ತಿತ್ತು. ಕಬಾಬಿನಂಗಡಿ, ಲಾಂಡ್ರಿ, ಗ್ಯಾರೇಜುಗಳ ಮುಂದೆ ಬೆಟ್ಟದ ಬೂಟು ಹಾಕಿಕೊಂಡು ಯಾತ್ರೆ! ಥಾರ್ನ್‌ಟನ್ ಹೀತ್ ದಾಟಿದ ಮೇಲೆ ಗಾಳಿ ಎದ್ದಿತು. ಕೊಡೆಯ ಕಡ್ಡಿ ಮುರಿದು ಮೇಲಕ್ಕೆ ಮಡಿಚಿಕೊಂಡಿತು. ಅದನ್ನು ಕಸದ ಡಬ್ಬಿಗೆ ತುರುಕಿ ತಲೆಗೆ ಟೋಪಿ ಎಳೆದುಕೊಂಡೆ. ಮಳೆ ಅಡ್ಡಡ್ಡಲಾಗಿ ಬಂದು ಕಿವಿಗೆ ಬಡಿಯಿತು. ಆಗ ನಗು ನಿಂತಿತು. ಸೌತ್ ನಾರ್‌ವುಡ್ಡಿನಿಂದ ಗುಡ್ಡದ ರಸ್ತೆ ಕಡಿದಾಗಿ ಏರುತ್ತದೆ. ಸಾಲುಮನೆಗಳು ಒಂದರ ಹೆಗಲ ಮೇಲೆ ಒಂದು ಕೂತ ಹಾಗೆ. ತಲೆ ತಗ್ಗಿಸಿ, ಮೂಗಿನ ತುದಿಯಿಂದ ಇಳಿಯುವ ನೀರನ್ನು ಊದುತ್ತಾ ಏರಿದೆ. ಎದೆ ಆ ದಿನದ ಹಾಗೆಯೇ ಹೊಡೆದುಕೊಂಡಿತು. ಅಷ್ಟೂ ಹೊತ್ತು ನನ್ನ ಕಣ್ಣ ಮುಂದಿದ್ದದ್ದು ಸಂತರಲ್ಲ, ಗಾಜಿನ ಪೆಟ್ಟಿಗೆ. ಅದರೊಳಗೆ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಎದೆಗೂಡು, ಏಳುತ್ತಾ ಬೀಳುತ್ತಾ.

ಮೇಲೆ ತಲುಪಿದಾಗ ಗೋಪುರ ಅರ್ಧದಿಂದ ಮೇಲೆ ಮೋಡದಲ್ಲಿ ಮುಳುಗಿತ್ತು. ಕೆಳಗೆ ಲಂಡನ್ ಇರಬೇಕಾದಲ್ಲಿ ಬಿಳಿ ಬಟ್ಟೆ ಹರವಿದಂತೆ ಮಂಜು. ಅಲ್ಲಿಂದ ಸ್ವಲ್ಪ ದೂರದ ಇಗರ್ಜಿಯ ಬಾಗಿಲಿಗೆ ಬೀಗ. ಹೊರಗಿನ ಮಾಡಿನಡಿ ನಿಂತು, ಅತ್ತೆ ಹೇಳಿಕೊಟ್ಟ ಹಾಗೆ, "ಇದು ನನ್ನ ಅತ್ತೆಯ ಪರವಾಗಿ," ಎಂದು ಗಟ್ಟಿಯಾಗಿಯೇ ಹೇಳಿ ಪ್ರಾರ್ಥನೆ ಮುಗಿಸಿದೆ. ಮೆಟ್ಟಿಲ ಮೇಲೆ ಕೂತು ಒದ್ದೆಯಾದ ಮೊಟ್ಟೆ ಸ್ಯಾಂಡ್‌ವಿಚ್ ತಿಂದೆ. ಅಷ್ಟು ರುಚಿಯಾದದ್ದನ್ನು ಆಮೇಲೆ ಯಾವ ಹೋಟೆಲಿನಲ್ಲೂ ತಿಂದಿಲ್ಲ. ಈಗಲೂ ರೈಲಿನ ಕಿಟಕಿಯಿಂದ ಆ ಗೋಪುರ ಕಂಡರೆ ನನಗೆ ಸ್ಪೇನು ನೆನಪಾಗುತ್ತದೆ. ಅತ್ತೆ ಈಗಿಲ್ಲ, ಆ ಮನೆಯನ್ನೂ ಮಾರಿ ಬಹಳ ವರ್ಷವಾಯಿತು. ಪಕ್ಕದಲ್ಲಿ ಕೂತ ಮಗಳಿಗೆ ತೋರಿಸಿದರೆ ಅವಳು ಫೋನಿನಿಂದ ತಲೆಯೆತ್ತಿ, "ಯಾ, ಯುವರ್ ಮೌಂಟನ್," ಎನ್ನುತ್ತಾಳೆ.

ಬಸ್ಸು ಬದಲಾಯಿಸಿ, ಶಾಲೆಯಿಂದ ಮಗಳನ್ನು ಕರೆದುಕೊಂಡು ಮನೆಗೆ ಬಂದಾಗ ಅತ್ತೆ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ಬೆಳಗಿನ ಸ್ವೆಟರಿನ ಬದಲು ಬೇರೆಯದು, ತಲೆಗೆ ಟವೆಲು. ತಲೆಸ್ನಾನ ಮಾಡಿದ್ದಾರೆ ಎಂದುಕೊಂಡೆ. ಚಹಾ ಕೊಡುವ ಮೊದಲೇ ವಿಚಾರಣೆ ಶುರುವಾಯಿತು.

"ಇಡೀ ದಾರಿ ಮಳೆ ಇತ್ತಾ?"

"ಇತ್ತು ಮಾಂಯ್."

"ಯಾರದ್ದಾದ್ರೂ ಗಾಡಿ ಹತ್ತಿದಿಯಾ?"

"ಇಲ್ಲ."

"ಏರು?"

"ಪ್ರಾಣ ಹೋಗುವಷ್ಟು."

ಅವರು ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ, ಸಂತೆಯಿಂದ ಏನೋ ತರಲು ಹೇಳುವವರ ಹಾಗೆ, "ನಾಳೆ ಆಸ್ಪತ್ರೆಗೆ ಫೋನ್ ಮಾಡು. ಬರ್ತೇನೆ ಅಂತ ಹೇಳು," ಎಂದರು. ಗಂಡ ಕೆಲಸದಿಂದ ಬಂದು ಈ ಸುದ್ದಿ ಕೇಳಿ ನನ್ನ ಕೆಸರಿನ ಬೂಟುಗಳನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದರು. ಅತ್ತೆ ಆ ಸಂಜೆ ಎರಡು ಸಲ ಗಂಜಿ ಹಾಕಿಸಿಕೊಂಡು, ನೋವಿನ ಮಾತ್ರೆ ತಾವಾಗಿಯೇ ಕೇಳಿ ನುಂಗಿ, ಬೇಗ ಮಲಗಲು ಹೋದರು. ಮೆಟ್ಟಿಲು ಹತ್ತುವಾಗ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಮಳೆ ಸಣ್ಣದಾಗಿತ್ತು. ಕರೆಗಂಟೆ ಒತ್ತಿ, ಚಪ್ಪಲಿಯನ್ನೂ ಕಳಚದೆ, ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು ಒಂದು ಡಬ್ಬಿ ಮುಂದೆ ಹಿಡಿದರು.

"ಮೆಣಸಿನ ಸಾರು ಕಣ್ರೀ, ಬಿಸಿಬಿಸಿ ಇದೆ. ನಿಮ್ಮಿಬ್ಬರಿಗೂ ಸೇರಿಸಿ ಮಾಡ್ದೆ. ಅಲ್ಲಾ, ನೀವೇನೋ ವಯಸ್ಸಿನವರು, ನಡೆದ್ರಿ. ನಿಮ್ಮತ್ತೆಗೇನಾಗಿತ್ತು ಅಂತೀನಿ! ನೀವು ಆ ಕಡೆ ಹೋದ್ರಿ, ಇವರು ಈ ಕಡೆ ವಾಕರ್ ಹಿಡ್ಕೊಂಡು ಹಿತ್ತಲಿಗಿಳಿದೋರು, ಬೇಲಿಯಿಂದ ಬಾಗಿಲಿಗೆ, ಬಾಗಿಲಿಂದ ಬೇಲಿಗೆ, ಮಧ್ಯಾಹ್ನದ ತನಕ ಒಂದೇ ಸಮ. ತಲೆ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಏನೋ ಕಳ್ಕೊಂಡಿದಾರೆ, ಹುಡುಕ್ತಿದಾರೆ ಅಂತ ಕಿಟಕಿಯಿಂದ ಕೂಗಿದ್ರೆ ನನಗೇ ಸುಮ್ನಿರು ಅಂತ ಕೈ ಮಾಡಿದ್ರು. ಸರಿ, ಡಬ್ಬಿ ನಾಳೆ ಕೊಡಿ, ಅರ್ಜೆಂಟೇನಿಲ್ಲ."